ಅವಸರದ ಡಿಸೆಂಬರಿನಲ್ಲಿ ಹಬ್ಬ ಉಳಿಯುವುದು ಯಾವುದರಿಂದ?



ಸಂಘದ ದೀಪಾವಳಿ ಊಟದ ದೊಡ್ಡ ಪಾತ್ರೆಗಳನ್ನು ತೊಳೆದು ಬೇಸ್‌ಮೆಂಟಿಗೆ ಇಳಿಸಿರುವುದಿಲ್ಲ, ಅಷ್ಟರಲ್ಲಿ ಥ್ಯಾಂಕ್ಸ್‌ಗಿವಿಂಗ್ ಮುಗಿದು ಡಿಸೆಂಬರ್ ಬಾಗಿಲಲ್ಲಿ ಬಂದು ನಿಂತಿರುತ್ತದೆ. ಮಕ್ಕಳ ಶಾಲೆಯ ಸಂಗೀತ ಕಾರ್ಯಕ್ರಮ, ಆಫೀಸಿನ ಪಾರ್ಟಿ, ಟೀಚರಿಗೆ ಉಡುಗೊರೆ, ಅಕ್ಕಪಕ್ಕದವರಿಗೆ ಕುಕಿ, ರಜೆಗೆ ಊರಿಗೆ ಹೊರಟವರ ಸೂಟ್‌ಕೇಸಿನ ತೂಕ, ಇವೆಲ್ಲದರ ನಡುವೆ ಮಿಷಿಗನ್ನಿನ ಹಿಮ ಗೋರುವ ಕೆಲಸ ಬೇರೆ. ತಿಂಗಳ ಕೊನೆಗೆ ಹಬ್ಬ ಆಚರಿಸಿದೆವೋ, ಹಬ್ಬವೇ ನಮ್ಮನ್ನು ಓಡಿಸಿಕೊಂಡು ಹೋಯಿತೋ ಎಂದು ಕೇಳಿಕೊಳ್ಳುವಂತಾಗುತ್ತದೆ.

ಇಂಥ ಧಾವಂತದಲ್ಲಿ ಮನೆಯ ಕ್ರಿಸ್‌ಮಸ್ ಪದ್ಧತಿಗಳನ್ನು ಉಳಿಸಿಕೊಳ್ಳಲೇಬೇಕೆ? ಬೇಕೆಂದರೆ ಯಾವುದನ್ನು? ಒಂದನ್ನು ಬಿಟ್ಟರೆ ಅದು ತಪ್ಪೇ? ನಾವಿಬ್ಬರೂ ವೈದ್ಯರು. ರೋಗಿಗಳ ಮನೆಗಳಲ್ಲೂ ನಮ್ಮ ಮನೆಯಲ್ಲೂ ಇಪ್ಪತ್ತಕ್ಕೂ ಹೆಚ್ಚು ಡಿಸೆಂಬರುಗಳನ್ನು ನೋಡಿದ ಮೇಲೆ ಈ ಪ್ರಶ್ನೆ ಸಣ್ಣದಲ್ಲ ಎನಿಸಿದೆ. ಅದಕ್ಕೇ ಈ ನಾಲ್ಕು ಮಾತು.

ಮೊದಲು ಒಂದು ಸಂಕೋಚವನ್ನು ದಾಟಬೇಕು. "ಇದು ನಮ್ಮ ಹಬ್ಬವೇ ಅಲ್ಲವಲ್ಲ, ಉಳಿಸಿಕೊಳ್ಳುವ ಮಾತೇಕೆ?" ಎಂದು ಕೇಳುವವರು ನಮ್ಮ ಸಂಘದಲ್ಲಿಯೇ ಇದ್ದಾರೆ. ಕೇಳಬೇಕಾದ ಪ್ರಶ್ನೆಯೇ. ನಮ್ಮ ನಡುವಿನ ಮಂಗಳೂರು ಕಡೆಯ ಕ್ರೈಸ್ತ ಕುಟುಂಬಗಳಿಗೆ ಇದು ಹುಟ್ಟಿನಿಂದ ಬಂದ ಹಬ್ಬ. ಅವರು ವರ್ಷವರ್ಷವೂ ತಪ್ಪದೆ ಹಂಚುವ ಕುಸ್ವಾರ್ ತಟ್ಟೆಯ ನೆವ್ರಿ, ಕುಲ್‌ಕುಲ್, ರೋಸ್ ಕುಕಿಗಳ ರುಚಿ ನಮಗೆಲ್ಲ ಗೊತ್ತು. ಅವರಿಗೆ ಹಬ್ಬದ ನಡುಮನೆ ಎಂದರೆ ನಡುರಾತ್ರಿಯ ಪೂಜೆ. ನಮ್ಮಂಥವರಿಗೆ ಅದು ಮಕ್ಕಳ ಕೈ ಹಿಡಿದು ಬಂದ ಹಬ್ಬ. 2004ರಲ್ಲಿ ಕಿಂಡರ್‌ಗಾರ್ಟನ್‌ನಿಂದ ಬಂದ ಮಗಳು, "ಸಾಂಟಾಗೆ ನಮ್ಮ ಮನೆ ಅಡ್ರೆಸ್ ಗೊತ್ತಿಲ್ವಾ?" ಎಂದು ಕೇಳಿದಳು. ಆ ವಾರವೇ ಮರ ಬಂತು. ದೇಶಕ್ಕೆ ತಕ್ಕ ವೇಷ ಎಂದುಕೊಂಡೆವು. ಈ ಹಬ್ಬದಲ್ಲಿ ನಾವು ಅತಿಥಿಗಳು, ನಿಜ. ಆದರೆ ಅತಿಥಿಗೂ ಧರ್ಮವೊಂದಿದೆ. ಮನೆಯವರ ದೇವರಕೋಣೆಗೆ ನುಗ್ಗಬಾರದು, ಬಡಿಸಿದ್ದನ್ನು ಹಗುರವಾಗಿ ಕಾಣಬಾರದು, ಕೈಲಾದಷ್ಟು ಕೆಲಸಕ್ಕೆ ಒದಗಬೇಕು.

ಆ ಕೊನೆಯ ಮಾತು ನಮಗೆ ಮರಕ್ಕಿಂತಲೂ ಮೊದಲೇ ಅಭ್ಯಾಸವಾಗಿತ್ತು. ಮೈಸೂರಿನಲ್ಲಿ ಎಂಬಿಬಿಎಸ್ ಮುಗಿಸಿ, 1996ರಲ್ಲಿ ಇಲ್ಲಿ ರೆಸಿಡೆನ್ಸಿಗೆ ಸೇರಿದ ವರ್ಷ ಡಿಸೆಂಬರ್ ಡ್ಯೂಟಿಯ ಪಟ್ಟಿ ತಯಾರಾಗುತ್ತಿತ್ತು. 24ರ ರಾತ್ರಿ ಯಾರು ಎಂದಾಗ ಕೋಣೆಯಲ್ಲಿ ಎಲ್ಲರೂ ನೆಲ ನೋಡುತ್ತಿದ್ದರು. ನಮಗೆ ಆ ರಾತ್ರಿ ಬೇರೆ ರಾತ್ರಿಗಳಂತೆಯೇ. ನಾವು ಮಾಡುತ್ತೇವೆ ಎಂದೆವು. ಎರಡು ಮಕ್ಕಳ ತಾಯಿಯಾದ ಒಬ್ಬ ಸಹೋದ್ಯೋಗಿ ಕಾರಿಡಾರಿನಲ್ಲಿ ನಮ್ಮ ಕೈಹಿಡಿದುಕೊಂಡು ಮಾತೇ ಆಡದೆ ಹೋದರು. ಮುಂದಿನ ದೀಪಾವಳಿಗೆ, ನಾವು ಕೇಳುವ ಮೊದಲೇ, ನಮ್ಮ ಡ್ಯೂಟಿಯನ್ನು ಅವರು ಬರೆಸಿಕೊಂಡಿದ್ದರು. ಈ ಕೊಡುಕೊಳ್ಳುವಿಕೆ ಅಂದಿನಿಂದ ನಡೆದುಬಂದಿದೆ. ಮುಂದೆ ಈಜಿಪ್ಟಿನ ಕಾಪ್ಟಿಕ್ ಪಂಥದ ವೈದ್ಯರೊಬ್ಬರೂ ಜೊತೆಯಾದರು. ಅವರ ಕ್ರಿಸ್‌ಮಸ್ ಜನವರಿ 7ಕ್ಕೆ. ಹಾಗಾಗಿ 24 ಮತ್ತು 25ನ್ನು ನಾವೂ ಅವರೂ ಹಂಚಿಕೊಳ್ಳುತ್ತೇವೆ, 7ನ್ನು ಉಳಿದವರು ನೋಡಿಕೊಳ್ಳುತ್ತಾರೆ.

ಇದರಿಂದ ನಮ್ಮ ಮನೆಯ ಕ್ರಿಸ್‌ಮಸ್ ಸಾಮಾನ್ಯವಾಗಿ 26ಕ್ಕೋ 27ಕ್ಕೋ ಬರುತ್ತದೆ. ಚಿಕ್ಕವನಿದ್ದಾಗ ಮಗ ಮುಖ ಊದಿಸಿಕೊಳ್ಳುತ್ತಿದ್ದ. "ಸಾಂಟಾ ಕೂಡ ಡಾಕ್ಟರ ಡ್ಯೂಟಿ ನೋಡಿಕೊಂಡೇ ಬರೋದು" ಎಂದು ಸಮಾಧಾನ ಹೇಳಿದ್ದೆವು. ದಿನ ಸರಿಸಿದ್ದಕ್ಕೆ ನಮಗೆ ಅಳುಕೇನೂ ಆಗಲಿಲ್ಲ. ಶಾಲೆಯ ಆಡಿಟೋರಿಯಂ ಖಾಲಿ ಇರುವ ಶನಿವಾರ ನೋಡಿಕೊಂಡು ದೀಪಾವಳಿ ಮಾಡುವವರಲ್ಲವೇ ನಾವು!

ಇತಿಹಾಸ ನೋಡಿದರೂ ಅಷ್ಟೇ. ಯಾವುದನ್ನು ನಾವು ಅನಾದಿಯೆಂದುಕೊಂಡಿರುತ್ತೇವೋ ಅದಕ್ಕೆ ಅಷ್ಟೇನೂ ವಯಸ್ಸಾಗಿರುವುದಿಲ್ಲ. ಈ ದೇಶದ ಮ್ಯಾಸಚೂಸೆಟ್ಸ್ ವಸಾಹತಿನಲ್ಲಿ 1659ರಿಂದ 1681ರವರೆಗೆ ಕ್ರಿಸ್‌ಮಸ್ ಆಚರಿಸಿದವರಿಗೆ ಐದು ಶಿಲಿಂಗ್ ದಂಡವಿತ್ತು. ದಂಡ ವಿಧಿಸಿದವರು ಕ್ರೈಸ್ತರೇ, ಪ್ಯೂರಿಟನ್ನರು. ಕೇಂದ್ರ ಸರ್ಕಾರ ಇದನ್ನು ರಜಾದಿನವೆಂದು ಒಪ್ಪಿದ್ದು 1870ರಲ್ಲಿ. ಜರ್ಮನರ ಮನೆಯ ಮರ ಇಂಗ್ಲಿಷರ ಮನೆಮನೆಗೆ ಹಬ್ಬಿದ್ದು, ವಿಕ್ಟೋರಿಯಾ ರಾಣಿಯ ಕುಟುಂಬ ಮರದ ಸುತ್ತ ನಿಂತ ಚಿತ್ರ 1848ರಲ್ಲಿ ಪತ್ರಿಕೆಯೊಂದರಲ್ಲಿ ಬಂದ ಮೇಲೆ. ಎಂದರೆ ಹಬ್ಬದ ಉಡುಪು ಕಾಲಕಾಲಕ್ಕೆ ಬದಲಾಗಿದೆ. ಬದಲಾಯಿಸಿದವರೂ ನಮ್ಮಂಥ ಮನೆಯವರೇ.

ಹಾಗಾದರೆ ಬದಲಾಗಬಾರದ್ದು ಏನಾದರೂ ಇದೆಯೇ? ಇದನ್ನು ನಾವು ಕಲಿತದ್ದು ಒಂದು ಕೋಡುಬಳೆಯಿಂದ.

2008ರ ಚಳಿಗಾಲದಲ್ಲಿ ಮಕ್ಕಳ ಅಜ್ಜಿ ಮೈಸೂರಿನಿಂದ ಬಂದಿದ್ದರು. ಎಲ್ಲರಂತೆ ಅವರನ್ನೂ ಫ್ರಾಂಕನ್‌ಮತ್ ಊರಿನ ಬ್ರಾನರ್ಸ್ ಅಂಗಡಿಗೆ ಕರೆದೊಯ್ದಿದ್ದೆವು. ಎಕರೆಗಟ್ಟಲೆ ಹರಡಿದ ಕ್ರಿಸ್‌ಮಸ್ ಅಲಂಕಾರಗಳನ್ನು ನೋಡಿ, ಬೆಲೆ ಕೇಳಿ, "ಒಂದು ಗಾಜಿನ ಗುಂಡಿಗೆ ಇಷ್ಟಾ? ನಾನೇ ಮಾಡಿಕೊಡ್ತೀನಿ ಬಿಡಿ" ಎಂದರು. ಮಾರನೆಯ ಸಂಜೆ ಅಕ್ಕಿಹಿಟ್ಟು, ಚಿರೋಟಿ ರವೆ, ಹುರಿಗಡಲೆ ಪುಡಿ, ಕಾಯಿತುರಿ, ಖಾರ ಸೇರಿಸಿ, ಕಾಯಿಸಿದ ಎಣ್ಣೆ ಸುರಿದು ನಾದಿ, ಮಕ್ಕಳನ್ನು ಅಕ್ಕಪಕ್ಕ ಕೂರಿಸಿಕೊಂಡು ಕೋಡುಬಳೆ ಹೊಸೆದರು. ಕರಿದು ಆರಿದ ಮೇಲೆ ಕೆಂಪು ದಾರ ಪೋಣಿಸಿ ಮರಕ್ಕೆ ನೇತುಹಾಕಿದರು. ದುಂಡಗೆ, ಕೆಂಪಗೆ, ದೀಪದ ಬೆಳಕಿಗೆ ಹೊಳೆಯುತ್ತಿದ್ದ ಕೋಡುಬಳೆಗಳು! ಉಳಿದವನ್ನು ಡಬ್ಬಿಗೆ ತುಂಬಿ, "ರಾತ್ರಿ ಪಾಳಿಯ ನರ್ಸಮ್ಮನೋರಿಗೆ ಕೊಡಿ, ಪಾಪ, ಅವರಿಗೂ ಮನೆಮಠ ಇರುತ್ತಲ್ಲ" ಎಂದರು. ಅಂದಿನಿಂದ ಅದು ನಮ್ಮ ಮನೆಯ ಪದ್ಧತಿಯಾಯಿತು. ಮರಕ್ಕೆ ಒಬ್ಬೊಬ್ಬರದೂ ಒಂದೊಂದು ಕೋಡುಬಳೆ, 24ರ ರಾತ್ರಿ ಪಾಳಿಗೆ ಒಂದು ಡಬ್ಬಿ.

2013ರಲ್ಲಿ ಅದು ತಪ್ಪಿತು. ಆ ವರ್ಷ ಆಸ್ಪತ್ರೆಯ ಕಾಗದಪತ್ರಗಳೆಲ್ಲ ಕಂಪ್ಯೂಟರಿಗೆ ಬದಲಾಗುತ್ತಿದ್ದವು. ನಾವಿಬ್ಬರೂ ರಾತ್ರಿ ಹತ್ತಕ್ಕೆ ಮುಂಚೆ ಮನೆ ಸೇರುತ್ತಿರಲಿಲ್ಲ. ಆದರೂ ಹಬ್ಬದಲ್ಲಿ ಏನೂ ಕಡಿಮೆಯಾಗಬಾರದೆಂಬ ಹಟ. ಎಂಬತ್ತು ಕಾರ್ಡುಗಳಿಗೆ ವಿಳಾಸ ಬರೆದೆವು, ಮನೆಯ ಸೂರಿಗೆ ದೀಪ ಹಾಕಿಸಿದೆವು, ಮೂರು ಪಾರ್ಟಿಗಳಿಗೆ ಹೋದೆವು. ಕೋಡುಬಳೆಗೆ ಮಾತ್ರ ಬಿಡುವಾಗಲಿಲ್ಲ. ಇಂಡಿಯನ್ ಅಂಗಡಿಯಿಂದ ಎರಡು ಪ್ಯಾಕೆಟ್ ತಂದು ಮೇಜಿನ ಮೇಲಿಟ್ಟೆವು. ಹತ್ತು ವರ್ಷದ ಮಗ ಪ್ಯಾಕೆಟನ್ನು ತಿರುಗಿಸಿ ನೋಡಿ, "ಅಂಗಡೀದನ್ನ ಯಾಕೆ ಕಟ್ಟಬೇಕು? ಇದನ್ನ ಯಾರೂ ಮಾಡಿಲ್ಲ" ಎಂದು ಮಹಡಿ ಹತ್ತಿ ಹೋದ. "ಯಾರೋ ಮಾಡಿರ್ತಾರಪ್ಪ" ಎಂದು ಹೇಳಬಹುದಿತ್ತು. ಹೇಳಲಿಲ್ಲ. ಅವನು ಹೇಳಿದ್ದು ಅರ್ಥವಾಗಿತ್ತು. ಅವನು ಕೇಳಿದ್ದು ಕೋಡುಬಳೆಯನ್ನಲ್ಲ, ಹೊಸೆಯುವ ಆ ಸಂಜೆಯನ್ನು.

ಅದೇ ವಾರ, 26ರ ಬೆಳಿಗ್ಗೆ, ಎಪ್ಪತ್ತು ದಾಟಿದ ಒಬ್ಬ ಹಿರಿಯರು ಆಸ್ಪತ್ರೆಗೆ ಬಂದರು. ಎದೆನೋವು ಶುರುವಾದದ್ದು 24ರ ರಾತ್ರಿ. ಮೂವತ್ತು ಗಂಟೆಗೂ ಮಿಕ್ಕಿ ಸಹಿಸಿಕೊಂಡಿದ್ದರು. ಯಾಕೆ ಹೇಳಲಿಲ್ಲ ಎಂದರೆ, "ಮೊಮ್ಮಕ್ಕಳೆಲ್ಲ ಬಂದಿದ್ದರು, ಹಬ್ಬ ಕೆಡಿಸುವುದು ಬೇಡ ಅನಿಸಿತು" ಎಂದರು. ಜೀವ ಉಳಿಯಿತು, ಹೃದಯದ ಸ್ನಾಯುವಿನ ದೊಡ್ಡ ಭಾಗ ಉಳಿಯಲಿಲ್ಲ. ಹೊರಗೆ ಕುಳಿತಿದ್ದ ಮಗಳು ಒಂದೇ ಮಾತನ್ನು ಮತ್ತೆಮತ್ತೆ ಹೇಳುತ್ತಿದ್ದರು: "ಯಾವ ಹಬ್ಬ? ನಮಗೆ ಹಬ್ಬ ಅಂದರೆ ಅಪ್ಪನೇ."

ಇಂಥದ್ದು ಅಪರೂಪವೂ ಅಲ್ಲ. ಅಮೆರಿಕದಲ್ಲಿ ಹೃದಯಸಂಬಂಧಿ ಸಾವುಗಳು ಡಿಸೆಂಬರ್ 25, 26 ಮತ್ತು ಜನವರಿ 1ರ ಸುಮಾರಿಗೆ ಏರುತ್ತವೆಂದು 2004ರಲ್ಲಿ ಪ್ರಕಟವಾದ ಒಂದು ಅಧ್ಯಯನ ತೋರಿಸಿತು. ಸ್ವೀಡನ್ನಿನಲ್ಲಿ 16 ವರ್ಷಗಳ 2,83,014 ಹೃದಯಾಘಾತಗಳನ್ನು ಪರಿಶೀಲಿಸಿದ ಅಧ್ಯಯನವೊಂದು 2018ರಲ್ಲಿ ಹೊರಬಂತು. ಹಬ್ಬದ ಹಿಂದುಮುಂದಿನ ವಾರಗಳಿಗೆ ಹೋಲಿಸಿದರೆ ಡಿಸೆಂಬರ್ 24ರಂದು ಅಪಾಯ ಶೇಕಡ 37ರಷ್ಟು ಹೆಚ್ಚು, ಅದರಲ್ಲೂ ರಾತ್ರಿ 10 ಗಂಟೆಯ ಸುಮಾರಿಗೆ ಅತಿ ಹೆಚ್ಚು. ಊಟ, ಮದ್ಯ, ಚಳಿ, ಮನಸ್ಸಿನ ಒತ್ತಡ, ಇವುಗಳ ಜೊತೆಗೆ "ಹಬ್ಬ ಮುಗಿಯಲಿ, ಆಮೇಲೆ ನೋಡೋಣ" ಎಂದು ಆಸ್ಪತ್ರೆಗೆ ತಡಮಾಡುವುದೂ ಒಂದು ಕಾರಣವಿರಬಹುದೆಂದು ವೈದ್ಯರು ಶಂಕಿಸುತ್ತಾರೆ. ಈ ಲೇಖನದಿಂದ ಒಂದೇ ಒಂದು ಮಾತು ನೆನಪಿಡುವುದಾದರೆ ಇದನ್ನು ನೆನಪಿಡಿ: ಎದೆನೋವಿಗೆ ಹಬ್ಬದ ರಜೆಯಿಲ್ಲ, 911ಕ್ಕೂ ಇಲ್ಲ.

ಆ ಹಿರಿಯರನ್ನು ನೋಡಿದಾಗ ನಮಗೆ ನೆನಪಾದದ್ದು ನಮ್ಮ ಮನೆಗಳ ತಾಯಂದಿರು. ಗೌರಿ ಹಬ್ಬದ ದಿನ ಮೈ ಸುಡುತ್ತಿದ್ದರೂ ಹೇಳದೆ ಒಲೆ ಮುಂದೆ ನಿಂತು, ಎಲ್ಲರಿಗೂ ಬಡಿಸಿ, ಸಂಜೆ ಚಾಪೆ ಹಿಡಿದವರು. ಅದನ್ನು ತ್ಯಾಗವೆಂದು ಹೊಗಳಿ ನಾವೆಲ್ಲ ಹೋಳಿಗೆ ತಿಂದೆವು. ಈ ದೇಶಕ್ಕೆ ಬಂದ ಮೇಲೂ ಡಿಸೆಂಬರಿನ ಪಟ್ಟಿ ಇರುವುದು ಹೆಚ್ಚಿನ ಮನೆಗಳಲ್ಲಿ ಒಬ್ಬರ ತಲೆಯೊಳಗೇ. ಆ ಒಬ್ಬರು ಯಾರೆಂದು ಬಿಡಿಸಿ ಹೇಳಬೇಕಾಗಿಲ್ಲ. ನಮ್ಮ ಮನೆಯೂ ಅದಕ್ಕೆ ಹೊರತಾಗಿರಲಿಲ್ಲ. ಒಬ್ಬರನ್ನು ದಣಿಸಿ ಉಳಿದವರು ನಲಿಯುವ ಪದ್ಧತಿ ಎಷ್ಟೇ ಹಳೆಯದಾದರೂ ಅದನ್ನು ಹಾಗೆಯೇ ಉಳಿಸಿಕೊಳ್ಳುವುದು ಧರ್ಮವಲ್ಲ ಎಂಬ ತೀರ್ಮಾನಕ್ಕೆ ನಾವು ಬಂದದ್ದು ಆ ಡಿಸೆಂಬರಿನಲ್ಲಿ.

ತುರ್ತು ಚಿಕಿತ್ಸಾ ವಿಭಾಗದಲ್ಲಿ ಟ್ರಯಾಜ್ ಎಂಬ ಕ್ರಮವಿದೆ. ಒಮ್ಮೆಗೇ ಹತ್ತು ಜನ ಬಂದರೆ ಯಾರನ್ನು ಮೊದಲು ನೋಡಬೇಕು, ಯಾರು ಕಾಯಬಹುದು ಎಂದು ವಿಂಗಡಿಸುವುದು. ಗಟ್ಟಿಯಾಗಿ ಕೂಗುವವನೇ ಮೊದಲಲ್ಲ, ಸದ್ದಿಲ್ಲದೆ ಬಿದ್ದಿರುವವನ ಸ್ಥಿತಿ ಹೆಚ್ಚು ಗಂಭೀರವಿರಬಹುದು. ಡಿಸೆಂಬರಿನಲ್ಲೂ ಹೀಗೆಯೇ. ಕಾರ್ಡು, ದೀಪ, ಪಾರ್ಟಿಗಳು ಕೂಗುತ್ತವೆ, ಏಕೆಂದರೆ ಅವನ್ನು ಹೊರಗಿನವರು ನೋಡುತ್ತಾರೆ. ಅಡಿಗೆಮನೆಯ ಒಂದು ಸಂಜೆ ಕೂಗುವುದಿಲ್ಲ.

2014ರಿಂದ ನಾವು ಥ್ಯಾಂಕ್ಸ್‌ಗಿವಿಂಗ್ ಮಾರನೆಯ ದಿನ ಮನೆಯವರೆಲ್ಲ ಕುಳಿತು ಪ್ರತಿಯೊಂದು ಪದ್ಧತಿಗೂ ಮೂರು ಪ್ರಶ್ನೆ ಹಾಕುತ್ತೇವೆ. ಇದರಲ್ಲಿ ನಾವು ಒಬ್ಬರಿಗೊಬ್ಬರು ಸಿಗುತ್ತೇವೆಯೇ? ಭಾರ ಎಲ್ಲರ ಹೆಗಲಿಗೂ ಬೀಳುತ್ತದೆಯೇ? ಇದರಲ್ಲಿ ನಮ್ಮ ಹೊಸಿಲಾಚೆಯ ಒಬ್ಬರಿಗಾದರೂ ಪಾಲಿದೆಯೇ? ಮೊದಲ ವರ್ಷವೇ ಎಂಬತ್ತು ಕಾರ್ಡು ಬಿದ್ದುಹೋದವು. ಎಂಟು ಜನಕ್ಕೆ ಫೋನ್ ಮಾಡಿದೆವು. ಸೂರಿನ ದೀಪವೂ ಎರಡು ಪಾರ್ಟಿಗಳೂ ಹೋದವು, ಯಾರೂ ಬೇಜಾರು ಮಾಡಿಕೊಳ್ಳಲಿಲ್ಲ. ಮೂರಕ್ಕೂ ಹೌದೆನ್ನಿಸಿಕೊಂಡು ಉಳಿದದ್ದು ಕೋಡುಬಳೆಯ ಸಂಜೆ ಒಂದೇ. ಅದನ್ನು ಕ್ಯಾಲೆಂಡರಿನಲ್ಲಿ ಡ್ಯೂಟಿಯಂತೆಯೇ ಬರೆದಿಡುತ್ತೇವೆ. ಹಿಟ್ಟು ನಾದುವವರು ಒಬ್ಬರು, ಕರಿಯುವವರು ಇನ್ನೊಬ್ಬರು, ಪಾತ್ರೆ ತೊಳೆಯುವವರು ಮತ್ತೊಬ್ಬರು.

ನಿಮ್ಮ ಮನೆಯಲ್ಲಿ ಉಳಿಯಬೇಕಾದದ್ದು ಬೇರೆ ಇರಬಹುದು. ಕಾರ್ಡು ಬರೆಯುವುದರಲ್ಲೇ ನಿಮಗೆ ಸ್ನೇಹ ಉಳಿದಿದ್ದರೆ ಕಾರ್ಡನ್ನೇ ಇಟ್ಟುಕೊಳ್ಳಿ, ಕೋಡುಬಳೆಯನ್ನು ಬಿಡಿ. ಇನ್ನು ನಡುರಾತ್ರಿಯ ಪೂಜೆ ಹಬ್ಬದ ಜೀವವೇ ಆಗಿರುವ ಮನೆಯವರಿಗೆ ಈ ಲೆಕ್ಕಾಚಾರ ಹೇಳಲು ನಾವು ಯಾರೂ ಅಲ್ಲ. ಅವರು ಆ ಹೊತ್ತಿಗೆ ಚರ್ಚಿನಲ್ಲಿರಲೆಂದು ಡ್ಯೂಟಿ ಬದಲಿಸಿಕೊಳ್ಳಬಹುದು, ಅಷ್ಟೇ. ಈಗ ಹಿಂದಿರುಗಿ ನೋಡಿದರೆ, ನಮ್ಮ ಮನೆಯ ಅತಿ ಹಳೆಯ ಕ್ರಿಸ್‌ಮಸ್ ಪದ್ಧತಿ ಮರವಲ್ಲ, ಕೋಡುಬಳೆಯೂ ಅಲ್ಲ, 1996ರ ಆ ರಾತ್ರಿ ಪಾಳಿಯೇ.

ಮಕ್ಕಳ ಅಜ್ಜಿ 2016ರಲ್ಲಿ ತೀರಿಕೊಂಡರು. ಅವರ ಅಳತೆಗಳನ್ನು ಯಾರೂ ಬರೆದಿಟ್ಟುಕೊಂಡಿರಲಿಲ್ಲ. ಹೋದ ಡಿಸೆಂಬರಿನಲ್ಲಿ, ಬೇರೆ ಊರಿನ ಆಸ್ಪತ್ರೆಯಲ್ಲಿ ಕೆಲಸ ಮಾಡುವ ಮಗಳು ಫೋನ್ ಮಾಡಿದಳು. "ಅಮ್ಮಾ, 24ಕ್ಕೆ ನಾನೇ ಡ್ಯೂಟಿ ಬರೆಸಿಕೊಂಡಿದ್ದೀನಿ, 28ಕ್ಕೆ ಬರ್ತೀನಿ. ಅಲ್ಲೀವರೆಗೆ ಮರ ತೆಗೀಬೇಡಿ. ಅಂದ ಹಾಗೆ, ಎರಡು ಲೋಟ ಅಕ್ಕಿಹಿಟ್ಟಿಗೆ ರವೆ ಎಷ್ಟು? ಇಲ್ಲಿ ನೈಟ್ ನರ್ಸುಗಳಿಗೆ ಒಂದು ಡಬ್ಬಿ ಮಾಡೋಣ ಅಂತ." ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಅಳತೆ ನಮಗೂ ಸರಿಯಾಗಿ ಗೊತ್ತಿರಲಿಲ್ಲ. "ಕೈಗೆ ಅಂಟದಷ್ಟು ಹಾಕು, ಅಜ್ಜಿ ಹಾಗೇ ಹೇಳ್ತಿದ್ರು" ಎಂದೆವು.

28ರವರೆಗೂ ಮರ ನಿಂತಿತ್ತು.

ಎಲ್ಲ ಸದಸ್ಯ ಕುಟುಂಬಗಳಿಗೂ ಕ್ರಿಸ್‌ಮಸ್ ಮತ್ತು ಹೊಸ ವರ್ಷದ ಹಾರ್ದಿಕ ಶುಭಾಶಯಗಳು. 24ರ ರಾತ್ರಿ ಕೆಲಸದಲ್ಲಿರುವವರಿಗೆ ಇನ್ನೊಂದಿಷ್ಟು ಹೆಚ್ಚು.