ದಾನ ದೊಡ್ಡದೋ, ಸಾಲ ದೊಡ್ಡದೋ

ಕೈಯಲ್ಲಿ ಪದವಿ ಇದೆ, ಮನಸ್ಸಿನಲ್ಲಿ ಒಂದು ಉದ್ಯೋಗದ ಯೋಚನೆ ಇದೆ, ಬಂಡವಾಳ ಮಾತ್ರ ಇಲ್ಲ. ಇಂಥ ಇಪ್ಪತ್ತೆರಡು ವರ್ಷದ ಹುಡುಗಿಗೆ ಉಳ್ಳವರು ಏನು ಕೊಡಬೇಕು? ಒಂದಿಷ್ಟು ಹಣ ಕೊಟ್ಟು ಮರೆತುಬಿಡುವುದು ಧರ್ಮವೋ, ‘ದುಡಿದು ಹಿಂದಿರುಗಿಸು, ನಿನ್ನ ಮೇಲೆ ನಂಬಿಕೆಯಿದೆ’ ಎಂದು ಸಾಲ ಕೊಡುವುದು ಧರ್ಮವೋ? ಮೈಸೂರಿನ ಕಾಲೇಜಿನಲ್ಲಿ ತತ್ವಶಾಸ್ತ್ರ ಪಾಠ ಮಾಡುತ್ತಿದ್ದ ಕಾಲದಲ್ಲಿ ದಾನದ ಬಗ್ಗೆ ಎಷ್ಟೋ ತರಗತಿ ತೆಗೆದುಕೊಂಡಿದ್ದೇನೆ. ಸಾಲದ ಬಗ್ಗೆ ಪಠ್ಯದಲ್ಲಿ ಒಂದು ಪುಟವೂ ಇರಲಿಲ್ಲ. ಸಾಲವನ್ನು ನಾವು ಧರ್ಮದ ಲೆಕ್ಕದಲ್ಲಿ ಇಡುವುದೇ ಇಲ್ಲ. ಅದೇನಿದ್ದರೂ ಬ್ಯಾಂಕಿನವರ ಮಾತು, ಇಲ್ಲವೇ ಶೂಲದ ಮಾತು. ನಿವೃತ್ತಳಾಗಿ ಕುಶಾಲನಗರಕ್ಕೆ ಬಂದ ಮೇಲೆ ಈ ಪ್ರಶ್ನೆ ನನ್ನನ್ನು ಹಿಡಿದುಕೊಂಡಿತು. ಅದು ಬಂದದ್ದು ಭೂತಾನದಿಂದ.

ನಮ್ಮೂರಿನಿಂದ ಕಾವೇರಿ ದಾಟಿದರೆ ಬೈಲುಕುಪ್ಪೆ. 1960ರ ದಶಕದ ಆರಂಭದಲ್ಲಿ ಟಿಬೆಟನ್ ನಿರಾಶ್ರಿತರಿಗೆ ಮೈಸೂರು ರಾಜ್ಯ ಅಲ್ಲಿ ಜಾಗ ಕೊಟ್ಟಿತು. 1963ರಲ್ಲಿ ನಾಮ್‌ಡ್ರೋಲಿಂಗ್ ಮಠ ಎದ್ದಿತು, ಆಮೇಲೆ ಸೆರಾ ಮಠ ಬಂತು. ಪ್ರವಾಸಿಗರು ಗೋಲ್ಡನ್ ಟೆಂಪಲ್ ನೋಡಿ ಹೋಗುತ್ತಾರೆ. ಅಲ್ಲಿ ಓದುವ ಭಿಕ್ಷುಗಳಲ್ಲಿ ಭೂತಾನದವರೂ ಇದ್ದಾರೆಂಬುದು ಹೆಚ್ಚಿನವರಿಗೆ ಗೊತ್ತಿಲ್ಲ. ಕೆಲವರು ಇಂಗ್ಲಿಷ್ ಕಲಿಯಲು ನಮ್ಮ ಮನೆಗೆ ಬರುತ್ತಾರೆ. ಅವರಲ್ಲೊಬ್ಬ ಪೂರ್ವ ಭೂತಾನದ ತ್ರಾಶಿಗಾಂಗ್ ಕಡೆಯವನು. ಅವನ ತಂಗಿ ಪದವಿ ಮುಗಿಸಿ ಸರ್ಕಾರಿ ನೌಕರಿಗೆ ಪರೀಕ್ಷೆ ಬರೆದಳು, ಸಿಗಲಿಲ್ಲ. ಊರಿನ ಹೆಂಗಸರೊಂದಿಗೆ ಸೇರಿ ನೇಯ್ಗೆಯ ಸಣ್ಣ ಘಟಕ ತೆರೆಯಲು ಸಾಲ ಕೇಳಿದಳು. ಅಡಮಾನಕ್ಕೆ ಜಮೀನಿನ ಪತ್ರ ಕೇಳಿದರು. ಈಗ ಅವಳು ಆಸ್ಟ್ರೇಲಿಯಾದ ಪರ್ತ್‌ನಲ್ಲಿ ವೃದ್ಧರ ಆರೈಕೆ ಮಾಡುತ್ತಾಳೆ.

‘ಮೇಡಂ, ನನ್ನ ಊಟ, ಬಟ್ಟೆ, ಓದು ಎಲ್ಲವನ್ನೂ ದಾನಿಗಳು ಕೊಡುತ್ತಾರೆ. ಒಬ್ಬರೂ ಲೆಕ್ಕ ಕೇಳಿಲ್ಲ. ಹಿಂದಿರುಗಿಸುತ್ತೇನೆ ಎಂದವಳು ತಂಗಿ. ಅವಳಿಗೆ ಮಾತ್ರ ಯಾರೂ ಕೊಡಲಿಲ್ಲ. ಇದು ಹೇಗೆ ಧರ್ಮ?’ ಎಂದು ಅವನು ಕೇಳಿದ.

ಈ ಪ್ರಶ್ನೆಯ ಹಿಂದೆ ಒಂದು ದೇಶದ ಸ್ಥಿತ್ಯಂತರವೇ ಇದೆ. ಭೂತಾನದ ಮೊದಲ ಪಂಚವಾರ್ಷಿಕ ಯೋಜನೆ ಶುರುವಾದದ್ದು 1961ರಲ್ಲಿ. ಅದಕ್ಕೂ ಮುಂಚೆ ಅಲ್ಲಿ ಮೋಟಾರು ರಸ್ತೆ ಇರಲಿಲ್ಲ. 1958ರಲ್ಲಿ ನೆಹರೂ ಹೋದದ್ದು ಬೆಟ್ಟದ ಹಾದಿಯಲ್ಲಿ. ಟೆಲಿವಿಷನ್ ಮತ್ತು ಇಂಟರ್ನೆಟ್ ಬಂದದ್ದು 1999ರಲ್ಲಿ. ನಾಲ್ಕನೆಯ ದೊರೆ ಜಿಗ್ಮೆ ಸಿಂಗ್ಯೆ ವಾಂಗ್‌ಚುಕ್ 2006ರಲ್ಲಿ ಮಗನಿಗೆ ಸಿಂಹಾಸನ ಬಿಟ್ಟುಕೊಟ್ಟರು. 2008ರಲ್ಲಿ ಚುನಾವಣೆ ನಡೆಯಿತು, ಸಂವಿಧಾನ ಜಾರಿಗೆ ಬಂತು. 2023ರ ಡಿಸೆಂಬರಿನಲ್ಲಿ ಆ ದೇಶ ‘ಅತಿ ಹಿಂದುಳಿದ ದೇಶ’ಗಳ ಪಟ್ಟಿಯಿಂದ ಹೊರಬಂತು. ನಮ್ಮಲ್ಲಿ ಶತಮಾನಗಳ ಅವಧಿಯಲ್ಲಿ ಆದದ್ದನ್ನು ಅಲ್ಲಿ ಎರಡು ತಲೆಮಾರಿನಲ್ಲೇ ದಾಟಿದ್ದಾರೆ. ಅಜ್ಜಿ ಶಾಲೆಯ ಮೆಟ್ಟಿಲು ಹತ್ತಿರಲಿಲ್ಲ, ಮೊಮ್ಮಗಳು ಪದವೀಧರೆ. ಆದರೆ ಆ ಪದವಿಗೆ ತಕ್ಕ ಕೆಲಸ ಊರಿನಲ್ಲಿಲ್ಲ. ದೇಶದ ಮುಖ್ಯ ಆದಾಯ ಜಲವಿದ್ಯುತ್ತಿನಿಂದ. ಅಣೆಕಟ್ಟು ಕಟ್ಟಿ ಮುಗಿದ ಮೇಲೆ ಅಲ್ಲಿ ಬೇಕಾಗುವ ಕೈಗಳು ಕೆಲವೇ. 2022ರಲ್ಲಿ ಯುವಜನರ ನಿರುದ್ಯೋಗ ಶೇ. 28ನ್ನು ದಾಟಿತ್ತು.

ಈ ದೇಶವೇ ಸುಖವನ್ನು ರಾಜ್ಯದ ಗುರಿ ಎಂದು ಸಂವಿಧಾನದಲ್ಲಿ ಬರೆದುಕೊಂಡಿರುವುದು. ಸಂವಿಧಾನದ 9ನೆಯ ವಿಧಿ ‘ಒಟ್ಟು ರಾಷ್ಟ್ರೀಯ ಸುಖ’ಕ್ಕೆ ಬೇಕಾದ ಪರಿಸ್ಥಿತಿಯನ್ನು ರೂಪಿಸಲು ರಾಜ್ಯ ಶ್ರಮಿಸಬೇಕು ಎನ್ನುತ್ತದೆ. ಅದೇ ವಿಧಿ ಜೀವನೋಪಾಯದ ಬಗ್ಗೆಯೂ, ಕೆಲಸದ ಹಕ್ಕಿನ ಬಗ್ಗೆಯೂ ಮಾತಾಡುತ್ತದೆ. ಸುಖದ ಮಾತು ಲೋಕಪ್ರಸಿದ್ಧವಾಯಿತು, ಕೆಲಸದ ಮಾತು ಹಿಂದೆ ಉಳಿಯಿತು. ಬುದ್ಧನ ಬೋಧನೆಯಲ್ಲಿ ಮಾತ್ರ ಇವೆರಡೂ ಬೇರೆಯಲ್ಲ. ಅಷ್ಟಾಂಗ ಮಾರ್ಗದ ಎಂಟು ಅಂಗಗಳಲ್ಲಿ ಒಂದು ಸಮ್ಯಕ್ ಆಜೀವ. ಹೊಟ್ಟೆಪಾಡನ್ನು ಬಿಡುಗಡೆಯ ದಾರಿಯ ಹೊರಗೆ ನಿಲ್ಲಿಸದೆ, ದಾರಿಯ ಒಂದು ಭಾಗವಾಗಿಯೇ ಕಂಡ ದರ್ಶನ ಅದು.

ದೀಘನಿಕಾಯದ ಕೂಟದಂತ ಸುತ್ತವನ್ನು ನಾನು ಆ ಹುಡುಗನೊಂದಿಗೆ ಕೂತು ಓದಿದೆ. ನೂರಾರು ಪಶುಗಳನ್ನು ಬಲಿಕೊಟ್ಟು ಯಜ್ಞ ಮಾಡಲು ಹೊರಟ ಬ್ರಾಹ್ಮಣನಿಗೆ ಬುದ್ಧ ಹೇಳುವ ಹಳೆಯ ಕಥೆ ಅದರಲ್ಲಿದೆ. ಮಹಾವಿಜಿತನೆಂಬ ಅರಸನಿಗೂ ಮಹಾಯಜ್ಞ ಮಾಡುವ ಆಸೆ. ರಾಜ್ಯದಲ್ಲಿ ದರೋಡೆ ಹೆಚ್ಚಿದೆ, ಇಂಥ ಹೊತ್ತಿನಲ್ಲಿ ಹೊಸ ತೆರಿಗೆ ಹಾಕುವುದು ತಪ್ಪು ಎನ್ನುತ್ತಾನೆ ಪುರೋಹಿತ. ಶಿಕ್ಷಿಸಿದರೆ, ಗಡೀಪಾರು ಮಾಡಿದರೆ ಉಳಿದವರು ಮತ್ತೆ ಕಾಡುತ್ತಾರೆ. ಅದರ ಬದಲು ಬೇಸಾಯ ಮಾಡುವವರಿಗೆ ಬೀಜ ಮತ್ತು ಮೇವು ಕೊಡು, ವ್ಯಾಪಾರ ಮಾಡುವವರಿಗೆ ಬಂಡವಾಳ ಕೊಡು, ರಾಜಸೇವೆಯಲ್ಲಿರುವವರಿಗೆ ಅನ್ನ ಮತ್ತು ಸಂಬಳ ಕೊಡು ಎಂಬುದು ಅವನ ಸಲಹೆ. ಅರಸ ಹಾಗೇ ಮಾಡುತ್ತಾನೆ. ಜನ ತಮ್ಮ ತಮ್ಮ ಕೆಲಸದಲ್ಲಿ ತೊಡಗುತ್ತಾರೆ, ಮಕ್ಕಳನ್ನು ಎತ್ತಿ ಆಡಿಸುತ್ತ ಮನೆಯ ಬಾಗಿಲು ಹಾಕದೆ ಬದುಕುತ್ತಾರೆ. ಎರಡು ಸಾವಿರ ವರ್ಷಕ್ಕೂ ಹಳೆಯದಾದ ಈ ಮಾತಿನಷ್ಟು ಸ್ಪಷ್ಟವಾದ ಯುವನೀತಿಯನ್ನು ನಾನು ಬೇರೆಲ್ಲೂ ಓದಿಲ್ಲ.

ಭೂತಾನದಲ್ಲಿ ಇದನ್ನು ಕೈಗೆತ್ತಿಕೊಂಡವರಲ್ಲಿ ಒಬ್ಬರು ಕರ್ಮ ಫುಂಟ್ಶೋ. ಬುಮ್‌ತಾಂಗ್‌ನ ಊರಾ ಎಂಬ ಹಳ್ಳಿಯವರು. ಬೈಲುಕುಪ್ಪೆಯ ಸೆರಾದಲ್ಲಿ ಶಾಸ್ತ್ರಾಭ್ಯಾಸ ಮಾಡಿ, ಮುಂದೆ ಆಕ್ಸ್‌ಫರ್ಡ್‌ನಲ್ಲಿ ಬೌದ್ಧ ಅಧ್ಯಯನದಲ್ಲಿ ಡಾಕ್ಟರೇಟ್ ಪಡೆದ ವಿದ್ವಾಂಸರು. ಭೂತಾನದ ಇತಿಹಾಸ ಬರೆದವರು. ಅವರು 1999ರಲ್ಲಿ ಲೊಡೆನ್ ಫೌಂಡೇಶನ್ ಕಟ್ಟಿದರು. ಮೊದಲು ಬಡ ಮಕ್ಕಳ ಓದಿಗೆ ನೆರವಾಗುತ್ತಿದ್ದ ಆ ಸಂಸ್ಥೆ, 2008ರ ಹೊತ್ತಿಗೆ ಸ್ವಂತ ಉದ್ಯಮ ಕಟ್ಟಬಯಸುವ ಯುವಜನರತ್ತ ತಿರುಗಿತು. ತರಬೇತಿ, ಹಿರಿಯರ ಮಾರ್ಗದರ್ಶನ, ಜೊತೆಗೆ ಬಡ್ಡಿಯಿಲ್ಲದ, ಅಡಮಾನವಿಲ್ಲದ ಸಾಲ. ಹಿಂದಿರುಗಿದ ಹಣ ಇನ್ನೊಬ್ಬರ ಕೈಗೆ ಹೋಗುತ್ತದೆ. 2024ರಲ್ಲಿ ಅವರಿಗೆ ಮ್ಯಾಗ್ಸೇಸೆ ಪ್ರಶಸ್ತಿ ಬಂತು. ನನಗೆ ಪ್ರಶಸ್ತಿಗಿಂತ ಮುಖ್ಯವಾಗಿ ಕಾಣುವುದು ಒಬ್ಬ ಶಾಸ್ತ್ರಜ್ಞ ಸಾಲದಂಥ ಲೌಕಿಕ ವಸ್ತುವನ್ನು ಧರ್ಮದ ಸಾಧನವಾಗಿ ಆರಿಸಿಕೊಂಡದ್ದು.

ಇಲ್ಲೊಂದು ಗಟ್ಟಿ ಆಕ್ಷೇಪವಿದೆ. ಗೃಹಸ್ಥನ ಸುಖಗಳಲ್ಲಿ ಋಣವಿಲ್ಲದಿರುವುದೂ ಒಂದು ಸುಖ ಎಂದವನು ಬುದ್ಧನೇ. ಅಂಗುತ್ತರನಿಕಾಯದ ಇಣ ಸುತ್ತದಲ್ಲಿ ಅವನು ಬಡವನ ದುಃಖವನ್ನು ಸರಪಳಿಯಾಗಿ ತೋರಿಸುತ್ತಾನೆ: ಬಡತನ ದುಃಖ, ಅದರಿಂದ ಬರುವ ಸಾಲ ದುಃಖ, ಸಾಲಕ್ಕೆ ಬೆಳೆಯುವ ಬಡ್ಡಿ ದುಃಖ, ಸಾಲ ಕೊಟ್ಟವರ ತಗಾದೆ ದುಃಖ, ಅವರು ಬೆನ್ನು ಹತ್ತುವುದು ದುಃಖ, ಕೊನೆಗೆ ಸೆರೆ ದುಃಖ. ಹೀಗಿರುವಾಗ ಯುವಜನರ ತಲೆಯ ಮೇಲೆ ಸಾಲ ಹೊರಿಸುವುದು ಕರುಣೆ ಹೇಗಾದೀತು? ಸುತ್ತವನ್ನು ನಿಧಾನವಾಗಿ ಓದಿದಾಗ ಉತ್ತರ ಅದರ ಕ್ರಮದಲ್ಲೇ ಕಂಡಿತು. ಮನುಷ್ಯನನ್ನು ಸೆರೆಗೆ ಎಳೆದೊಯ್ಯುವ ಕೊಂಡಿಗಳು ಸಾಲದ ಆಚೆಗಿವೆ. ಬಡ್ಡಿಯನ್ನು ತೆಗೆಯಿರಿ, ಜಮೀನು ಕಳೆದುಕೊಳ್ಳುವ ಭಯವನ್ನು ತೆಗೆಯಿರಿ, ತಗಾದೆಯ ಜಾಗದಲ್ಲಿ ಬಂದು ಕೂತು ಲೆಕ್ಕ ಕಲಿಸುವ ಹಿರಿಯರನ್ನು ಇಡಿ. ಸರಪಳಿ ಅಲ್ಲೇ ತುಂಡಾಗುತ್ತದೆ. ಆಗ ಉಳಿಯುವುದು ಇಬ್ಬರ ನಡುವಿನ ಒಂದು ಮಾತು ಮಾತ್ರ.

ಆ ಮಾತಿಗೆ ದಾನದಲ್ಲಿಲ್ಲದ ಒಂದು ಶಕ್ತಿ ಇದೆ. ದಾನ ನಿರ್ಮಲವಾಗಬೇಕಾದರೆ ಕೊಟ್ಟವನು, ಕೊಟ್ಟ ವಸ್ತು, ಪಡೆದವನು ಎಂಬ ಮೂರರಲ್ಲೂ ಅಂಟು ಇರಬಾರದು ಎನ್ನುತ್ತದೆ ಮಹಾಯಾನ. ಬದುಕಿನಲ್ಲಿ ಇದು ಎಷ್ಟು ಕಷ್ಟವೆಂಬುದು ಯಾರದೋ ಹಂಗಿನಲ್ಲಿ ಓದಿದ ಎಲ್ಲರಿಗೂ ಗೊತ್ತು. ಪಡೆದವನ ಕತ್ತು ವರ್ಷಗಟ್ಟಲೆ ಬಾಗಿಯೇ ಇರುತ್ತದೆ. ನಂಬಿ ಕೊಟ್ಟ ಸಾಲ ಪಡೆದವಳನ್ನು ಮೊದಲ ದಿನವೇ ಸಮಾನಳೆಂದು ಎಣಿಸುತ್ತದೆ. ಅವಳು ಹಿಂದಿರುಗಿಸಿದ ದಿನ ಆ ಹಣ ಮತ್ತೊಬ್ಬ ಹುಡುಗನ ಬಂಡವಾಳವಾಗುತ್ತದೆ, ಪಡೆದವಳೇ ಕೊಡುವವಳಾಗುತ್ತಾಳೆ. ನಮ್ಮ ಶರಣರಿಗೆ ಇದು ತಿಳಿದಿತ್ತು. ಅವರು ದಾಸೋಹವನ್ನು ಕಾಯಕದಿಂದ ಬಿಡಿಸಿ ನೋಡಲಿಲ್ಲ. ಆಯ್ದಕ್ಕಿ ಮಾರಯ್ಯ ಆ ದಿನಕ್ಕೆ ಬೇಕಾದದ್ದಕ್ಕಿಂತ ಹೆಚ್ಚು ಅಕ್ಕಿ ತಂದಾಗ ಲಕ್ಕಮ್ಮ ಅದನ್ನು ಮರಳಿಸಿ ಬರಲು ಕಳಿಸಿದ ಕಥೆಯನ್ನು ನಾವು ದುರಾಸೆಗೆ ವಿರುದ್ಧವಾದ ಪಾಠವೆಂದಷ್ಟೇ ಹೇಳುತ್ತೇವೆ. ಅದರಲ್ಲಿ ಬಡವಳೊಬ್ಬಳ ಘನತೆಯೂ ಇದೆ: ದಾಸೋಹ ಮಾಡುವ ಅಧಿಕಾರ ತನಗೂ ಉಂಟು, ಅದು ತನ್ನ ದುಡಿಮೆಯಿಂದಲೇ ಆಗಬೇಕು ಎಂಬ ಹಟ ಅದು.

ಹಾಗೆಂದು ಯುವಕರೆಲ್ಲ ಉದ್ಯಮಿಗಳಾಗಲಿ, ಸರ್ಕಾರ ಕೈತೊಳೆದುಕೊಳ್ಳಲಿ ಎಂಬ ವಾದ ನನ್ನದಲ್ಲ. ಜಾತಕ ಕಥೆಗಳಲ್ಲಿ ಸತ್ತ ಇಲಿಯೊಂದನ್ನೇ ಬಂಡವಾಳ ಮಾಡಿಕೊಂಡು ಸಿರಿವಂತನಾದ ಹುಡುಗನ ಕಥೆಯಿದೆ. ಉದ್ಯಮಶೀಲತೆಯ ತರಬೇತಿಗಳಲ್ಲಿ ಹೇಳಲು ಬಲು ಚೆನ್ನ. ಆದರೆ ಆ ಹುಡುಗನ ಸುತ್ತ ಒಂದು ದೊಡ್ಡ ನಗರವಿತ್ತು, ಕೊಳ್ಳುವ ಜನವಿತ್ತು, ಸರಕು ತುಂಬಿದ ಹಡಗು ಬಂದು ನಿಲ್ಲುವ ರೇವಿತ್ತು. ಭೂತಾನದ ಜನಸಂಖ್ಯೆ ಎಂಟು ಲಕ್ಷದ ಆಸುಪಾಸು, ಸಮುದ್ರವಿಲ್ಲ, ಮಳೆಗಾಲದಲ್ಲಿ ಗುಡ್ಡ ಕುಸಿದರೆ ರಸ್ತೆ ಮುಚ್ಚುತ್ತದೆ. ಅಲ್ಲಿ ಒಬ್ಬಳು ನೇಯ್ದ ಬಟ್ಟೆ ಮಾರಾಟವಾಗದಿದ್ದರೆ ಅದನ್ನು ಅವಳ ಆಲಸ್ಯವೆನ್ನುವುದು ಅನ್ಯಾಯ. ಮಹಾವಿಜಿತನ ಪುರೋಹಿತ ಬಂಡವಾಳದ ಜೊತೆಗೆ ಸಂಬಳವನ್ನೂ ಹೇಳಿದ್ದ. ಎಲ್ಲರೂ ವ್ಯಾಪಾರಕ್ಕೆ ಹುಟ್ಟಿದವರಲ್ಲ ಎಂಬುದು ಅವನಿಗೆ ಗೊತ್ತಿತ್ತು.

ಭೂತಾನದ ರಾಜ್ಯ ಸುಮ್ಮನೆ ಕುಳಿತಿಲ್ಲ. 2011ರಲ್ಲಿ ಶುರುವಾದ ದೆ-ಸುಂಗ್ ಎಂಬ ಸ್ವಯಂಸೇವಕ ಪಡೆ, ಕಿತ್ತಳೆ ಬಣ್ಣದ ಸಮವಸ್ತ್ರ ತೊಟ್ಟು ಕೋವಿಡ್ ಕಾಲದಲ್ಲಿ ದುಡಿಯಿತು. 2021ರಿಂದ ಅದರಡಿಯಲ್ಲಿ ಕೌಶಲ ತರಬೇತಿ ನಡೆಯುತ್ತಿದೆ. 2024ರಲ್ಲಿ ಗ್ಯಾಲ್‌ಸುಂಗ್ ಎಂಬ ರಾಷ್ಟ್ರಸೇವೆ ಆರಂಭವಾಯಿತು. ದಕ್ಷಿಣದ ಗೆಲೆಫುವಿನಲ್ಲಿ ಹೊಸ ನಗರ ಕಟ್ಟುವ ಯೋಜನೆಯನ್ನು ದೊರೆ 2023ರಲ್ಲಿ ಘೋಷಿಸಿದರು. ಇವುಗಳ ಹಿಂದಿನ ಕಾಳಜಿ ನಿಜವಾದದ್ದು. ಆದರೆ ಸೇವೆ ಮಾಡು ಎನ್ನುವ ರಾಜ್ಯ, ನಿನ್ನ ಯೋಚನೆಗೆ ನಾನು ಸೇವಕ ಎಂದೂ ಹೇಳಬೇಕು. ಮೇಲಿನಿಂದ ಬರುವ ಪ್ರೀತಿಯಲ್ಲಿ ಬೆಳೆದ ಯುವಜನಕ್ಕೆ ತಾವೇ ತೀರ್ಮಾನ ಮಾಡುವ, ಬೇಡವೆನ್ನುವ ಅಭ್ಯಾಸವೂ ಆಗಬೇಕು. ಪ್ರಜಾಪ್ರಭುತ್ವ ಮತಗಟ್ಟೆಯಿಂದಷ್ಟೇ ಬರುವುದಿಲ್ಲ.

ಇನ್ನೂ ನೋವಿನ ಮಾತೊಂದನ್ನು ಬಿಡುವಂತಿಲ್ಲ. 1990ರ ದಶಕದ ಆರಂಭದಲ್ಲಿ ದಕ್ಷಿಣ ಭೂತಾನದ ನೇಪಾಳಿ ಮಾತಾಡುವ ಲೋತ್ಶಾಂಪರು ಲಕ್ಷದ ಹತ್ತಿರ ಜನ ನೆಲೆ ಕಳೆದುಕೊಂಡು ನೇಪಾಳದ ಶಿಬಿರ ಸೇರಿದರು. ಒಂದು ತಲೆಮಾರು ಅಲ್ಲೇ ಬೆಳೆಯಿತು. 2007ರ ನಂತರ ಹೆಚ್ಚಿನವರು ಅಮೆರಿಕ ಮೊದಲಾದ ದೇಶಗಳಿಗೆ ಹೋದರು. ಕರುಣೆಗೆ ಭಾಷೆಯ ಗಡಿ ಇರುವುದಾದರೆ ಅದು ಕರುಣೆಯಲ್ಲ. ಸುಖವನ್ನು ಅಳೆಯುವ ದೇಶ, ಆ ಅಳತೆಯೊಳಗೆ ಯಾರನ್ನು ಎಣಿಸಲಿಲ್ಲ ಎಂಬುದನ್ನೂ ಎಂದಾದರೂ ಹೇಳಬೇಕಾಗುತ್ತದೆ. ಆ ಹುಡುಗನಿಗೂ ನಾನು ಇದನ್ನು ಹೇಳಿದ್ದೇನೆ. ಅವನು ವಾದ ಮಾಡಲಿಲ್ಲ, ತನ್ನ ಶಾಲೆಯ ಪುಸ್ತಕದಲ್ಲಿ ಈ ಜನರ ಕಥೆಯನ್ನು ಹೀಗೆ ಓದಿಲ್ಲ ಎಂದ.

ಅವನ ಮೊದಲ ಪ್ರಶ್ನೆಗೆ ಈಗ ನನ್ನಲ್ಲಿ ಉತ್ತರವಿದೆ. ಅವನ ಊಟಕ್ಕೆ ಕೊಟ್ಟವರು ಒಳ್ಳೆಯದನ್ನೇ ಮಾಡಿದರು. ಹಸಿವಿಗೆ, ಓದಿಗೆ, ಕಾಯಿಲೆಗೆ ದಾನವೇ ಸರಿ, ಅಲ್ಲಿ ಸಾಲ ಕ್ರೌರ್ಯ. ದುಡಿಯುವ ತೋಳು ಮತ್ತು ಯೋಚನೆ ಇರುವಲ್ಲಿ ನಂಬಿಕೆಯ ಸಾಲವೇ ದೊಡ್ಡದು. ಆದರೆ ಆ ಸಾಲ ಧರ್ಮವಾಗುವುದು ಒಂದು ಷರತ್ತಿನ ಮೇಲೆ: ಪ್ರಾಮಾಣಿಕವಾಗಿ ದುಡಿದೂ ಸೋತವಳನ್ನು ಕಳ್ಳಿಯಂತೆ ಕಾಣಬಾರದು. ಅವಳ ನಷ್ಟವನ್ನು ಕೊಟ್ಟವರೂ ಹೊರಬೇಕು, ಎರಡನೆಯ ಸಲ ಕೇಳಲು ಬಂದರೆ ಕುಳ್ಳಿರಿಸಿ ಮಾತಾಡಿಸಬೇಕು. ಗೆದ್ದ ಉದ್ಯಮಿಗಳ ಪಟ್ಟಿಯನ್ನು ಯಾವ ಸರ್ಕಾರವಾದರೂ ಅಚ್ಚು ಹಾಕಿಸೀತು. ಸೋತ ಯುವಜನರಿಗೆ ಮತ್ತೆ ಎಷ್ಟು ಸಲ ಬಂಡವಾಳ ಕೊಟ್ಟಿತು ಎಂಬುದರಿಂದ ನಾನು ಒಂದು ಯುವನೀತಿಯನ್ನು ಅಳೆಯುತ್ತೇನೆ, ಅದು ಥಿಂಫುವಿನದಾಗಲಿ, ನಮ್ಮದಾಗಲಿ.