ಕೊಂಡಿ

ಚಿತ್ರಕಾರನಿಗೆ ಸ್ಫೂರ್ತಿ ಎಲ್ಲಿಂದ ಬಂದಿತೆಂದು ಕೇಳುವವರು ಬಹಳ. ಆ ಸ್ಫೂರ್ತಿಯ ಋಣ ಯಾರಿಗೆ ಸಲ್ಲಬೇಕೆಂಬುದು ನನ್ನನ್ನು ಕಾಡುವ ಪ್ರಶ್ನೆ.

ಬಾಗಲಕೋಟೆ ಜಿಲ್ಲೆಯನ್ನೇ ನೋಡಿ. ಹುನಗುಂದ ತಾಲ್ಲೂಕಿನ ಐಹೊಳೆಯಲ್ಲಿ ನರಸೊಬ್ಬನೆಂಬ ಶಿಲ್ಪಿಯನ್ನು ಹೊಗಳುವ ಶಾಸನವಿದೆ. ಬಾದಾಮಿಯ ಮೂರನೆಯ ಗುಹೆಯಲ್ಲಿ ಕ್ರಿ. ಶ. 578ರ ಮಂಗಲೇಶನ ಶಾಸನವಿದೆ. ಅಲ್ಲಿಯೇ ಮಾಸಿ ಉಳಿದ ವರ್ಣಚಿತ್ರಗಳನ್ನು ಬರೆದವರ ಹೆಸರು ಮಾತ್ರ ನಮಗೆ ದಕ್ಕಿಲ್ಲ. ಇಳಕಲ್ಲಿನ ಸೀರೆಯ ಮೇಲೆ ನೇಕಾರನ ಹೆಸರೂ ಇರುವುದಿಲ್ಲ. ಇಂದಿನ ಕಲಾವಿದನೋ, ಗುಹೆಯ ಬಣ್ಣವನ್ನೂ ಸೀರೆಯ ದಡಿಯನ್ನೂ ಕ್ಯಾನ್ವಾಸಿಗೆ ತಂದು, ಮೂಲೆಯಲ್ಲಿ ತನ್ನ ಅಂಕಿತ ಹಾಕುತ್ತಾನೆ. ಇದು ನ್ಯಾಯವೆ?

ನ್ಯಾಯವಾಗಬಲ್ಲದು, ದಾರಿಯನ್ನು ನೇಕಾರನೇ ತೋರಿಸಿದ್ದಾನೆ. ಇಳಕಲ್ ಸೀರೆಯಲ್ಲಿ ಒಡಲಿನ ಹಾಸು ಬೇರೆ, ಸೆರಗಿನ ರೇಷ್ಮೆ ಹಾಸು ಬೇರೆ. ಎಳೆಗೆ ಎಳೆ ಕೊಂಡಿ ಹಾಕಿ ಎರಡನ್ನೂ ಕೂಡಿಸುತ್ತಾರೆ. ಸೆರಗು ಒಡಲಿನ ನಕಲಲ್ಲ. ಒಡಲನ್ನು ಬಿಟ್ಟು ಅದಕ್ಕೆ ನೆಲೆಯೂ ಇಲ್ಲ. ಸ್ಫೂರ್ತಿಯೆಂದರೆ ಇಂಥ ಕೊಂಡಿ. ಹಳೆಯದನ್ನು ಕತ್ತರಿಸಿ ಅಂಟಿಸಿದರೆ ಅದು ಬರಿಯ ತೇಪೆ.

ನೇಕಾರ ಇಂದೂ ಮಗ್ಗದ ಮುಂದಿದ್ದಾನೆ. ಅವನ ಹೆಸರು ಕೇಳಬಹುದು, ತಕ್ಕ ಬೆಲೆ ಕೊಡಬಹುದು. ಗುಹೆಯ ಚಿತ್ರಕಾರನ ಸಾಲ ತೀರಿಸುವುದು ಹೇಗೆ? ಬಾದಾಮಿಯಲ್ಲಿ ಹುಟ್ಟಿದ ಆರ್. ಎಂ. ಹಡಪದರು 1968ರಲ್ಲಿ ಬೆಂಗಳೂರಿನಲ್ಲಿ ಕೆನ್ ಕಲಾಶಾಲೆಯನ್ನು ತೆರೆದು, ಎಷ್ಟೋ ಎಳೆಯರ ಕೈಗೆ ಕುಂಚ ಕೊಟ್ಟರು. ಹೆಸರಿಲ್ಲದ ಹಿರಿಯರಿಂದ ಪಡೆದುದನ್ನು ಹಿಂದಿರುಗಿಸಲು ಬರುವುದಿಲ್ಲ, ಮುಂದಿನವರಿಗೆ ಕೊಡಬೇಕು. ಅಂಕಿತ ಹಾಕುವ ಕೈಗೆ ಅಷ್ಟು ಹೊಣೆ ಇದ್ದೇ ಇದೆ ಎಂದು ನಾನು ನಂಬಿದ್ದೇನೆ.