ಎಂಟು ಗಂಟೆಯ ಮದ್ರಾಸು

ಕಳೆದ ಚಳಿಗಾಲದಲ್ಲಿ ದೊಡ್ಡಪ್ಪನಿಂದ ಒಂದು ವಾಟ್ಸಾಪ್ ಸಂದೇಶ ಬಂತು. ಅಮೆರಿಕದಲ್ಲಿರುವ ಮಗ ಅಪ್ಪ ಅಮ್ಮನಿಗೆ ಹಡಗಿನ ಪ್ರವಾಸ ಮಾಡಿಸುತ್ತಿದ್ದಾನೆ. ಸಿಂಗಪುರದಲ್ಲಿ ಹತ್ತಿದರೆ ದಾರಿಯಲ್ಲಿ ಚೆನ್ನೈ ಬಂದರಿನಲ್ಲಿ ಒಂದು ಹಗಲು ನಿಲ್ಲುತ್ತದೆ. ಬೆಳಿಗ್ಗೆ ಎಂಟಕ್ಕೆ ಇಳಿಯಬಹುದು, ಸಂಜೆ ನಾಲ್ಕಕ್ಕೆ ವಾಪಸು ಹತ್ತಿರಬೇಕು. ಜೊತೆಗೆ ಹಡಗಿನವರು ಕೊಟ್ಟ ಒಂದು ಪಟ್ಟಿಯ ಫೋಟೋ: ಮಹಾಬಲಿಪುರ, ಕಾಂಚೀಪುರದ ದೇವಾಲಯಗಳು ಮತ್ತು ರೇಷ್ಮೆ, ಸೇಂಟ್ ಜಾರ್ಜ್ ಕೋಟೆ, ಸಾಂತೋಮ್ ಚರ್ಚ್, ಮೈಲಾಪುರ ಸೇರಿಸಿದ ನಗರದರ್ಶನ. ಪ್ರತಿಯೊಂದರ ಮುಂದೆ ಡಾಲರಿನಲ್ಲಿ ಬೆಲೆ. ಕೆಳಗೆ ದೊಡ್ಡಪ್ಪನ ಒಂದೇ ಸಾಲು: "ನೀನು ಅಲ್ಲಿಯೇ ಇರುವವನಲ್ಲವಾ ಮಾರಾಯ, ಯಾವುದು ಒಳ್ಳೆಯದು ಹೇಳು."

ನಾನು ಚೆನ್ನೈಗೆ ಬಂದು ಹನ್ನೊಂದು ವರ್ಷವಾಯಿತು. ಇಂಥ ಪ್ರಶ್ನೆ ಕೇಳಿದರೆ ಊರು ಬಿಟ್ಟವರಿಗೆ ಆಗುವ ಖುಷಿ ಬೇರೆಯೇ. ನಮ್ಮನ್ನು ಯಾರೋ ಒಂದು ನಗರದ ಯಜಮಾನರೆಂದು ಒಪ್ಪಿಕೊಂಡ ಹಾಗೆ. ಆ ರಾತ್ರಿಯೇ ಲ್ಯಾಪ್‌ಟಾಪ್ ತೆರೆದು ಕುಳಿತೆ.

ಈ ತರದ ಪ್ರವಾಸದಲ್ಲಿ ಒಂದು ನಿಯಮವುಂಟು. ಹಡಗಿನವರೇ ಮಾರುವ ಬಸ್ಸಿನಲ್ಲಿ ಹೋಗಿ ತಡವಾದರೆ ಹಡಗು ಸಾಮಾನ್ಯವಾಗಿ ಕಾಯುತ್ತದೆ. ನೀವಾಗಿಯೇ ಕಾರು ಮಾಡಿಕೊಂಡು ಹೋಗಿ ತಡವಾದರೆ ಕಾಯುವುದಿಲ್ಲ. ಮುಂದಿನ ಬಂದರಿಗೆ ನಿಮ್ಮ ಖರ್ಚಿನಲ್ಲಿ ನೀವೇ ಹೋಗಿ ಸೇರಿಕೊಳ್ಳಬೇಕು. ಬಸ್ಸಿನ ದುಬಾರಿ ದರದಲ್ಲಿ ಅರ್ಧ ಈ ನಿಶ್ಚಿಂತೆಯ ಬೆಲೆ. ಆದರೆ ಬಸ್ಸಿನವರು ಕರೆದುಕೊಂಡು ಹೋಗುವ ಅಂಗಡಿಗೆ ಹೋಗಬೇಕು, ಅವರು ಹೇಳಿದಷ್ಟೇ ಹೊತ್ತು ನಿಲ್ಲಬೇಕು. ನಾನು ಕಾರಿನ ಪಕ್ಷ ವಹಿಸಿದೆ. ಬಂದರಿನಿಂದ ಮಹಾಬಲಿಪುರಕ್ಕೆ ಅರುವತ್ತು ಕಿಲೋಮೀಟರ್ ಹತ್ತಿರ. ಹೋಗಲು ಎರಡು ಗಂಟೆ, ಬರಲು ಎರಡು ಗಂಟೆ, ನಡುವೆ ಎರಡೂವರೆ ಗಂಟೆ ನೋಡಲು, ಉಳಿದದ್ದು ಟ್ರಾಫಿಕ್ಕಿಗೆ ಮೀಸಲು. 1984ರಲ್ಲೇ ಯುನೆಸ್ಕೊ ಪಟ್ಟಿಗೆ ಸೇರಿದ ಜಾಗ. ಇದಕ್ಕಿಂತ ಒಳ್ಳೆಯ ಆಯ್ಕೆ ಯಾವುದು? "ಮಹಾಬಲಿಪುರ. ಕಾರು ನಾನು ತರುತ್ತೇನೆ, ನೀವೇನೂ ತಲೆ ಕೆಡಿಸಿಕೊಳ್ಳಬೇಡಿ" ಎಂದು ಬರೆದೆ. ದೊಡ್ಡಪ್ಪ "ಆಯ್ತು, ನೀನು ಹೇಳಿದ ಹಾಗೆ" ಎಂದರು.

ಇಲ್ಲಿ ನಿಮಗೆ ನನ್ನ ಊರಿನ ಒಂದು ಸಂಗತಿ ಹೇಳಬೇಕು. ನಾನು ಮೂಡುಬಿದಿರೆಯವನು. ನವಮಂಗಳೂರು ಬಂದರಿಗೂ ಇಂಥ ಹಡಗುಗಳು ಬರುತ್ತವೆ. ಅದರಲ್ಲಿ ಬಂದವರಿಗೂ ಒಂದು ಪಟ್ಟಿ ಇರುತ್ತದೆ: ಸೇಂಟ್ ಅಲೋಶಿಯಸ್ ಚಾಪೆಲ್, ಕದ್ರಿ ದೇವಸ್ಥಾನ, ಗೇರುಬೀಜದ ಕಾರ್ಖಾನೆ, ನಮ್ಮೂರಿನ ಸಾವಿರ ಕಂಬದ ಬಸದಿ. ನಾನು ಹೈಸ್ಕೂಲಿನಲ್ಲಿದ್ದಾಗ ಒಮ್ಮೆ ಬಸ್ಸಿನಿಂದ ಇಳಿದ ವಿದೇಶಿ ಮುದುಕಿಯೊಬ್ಬರು ಬಸದಿಯ ಕಡೆ ಹೋಗದೆ, ಜಗಲಿಯಲ್ಲಿ ಬೀಡಿ ಕಟ್ಟುತ್ತಿದ್ದ ನಮ್ಮ ಪಕ್ಕದ ಮನೆಯ ಅಕ್ಕನ ಎದುರು ಕುಳಿತುಬಿಟ್ಟರು. ಮಾತಿಲ್ಲ, ಕೈಸನ್ನೆ ಮಾತ್ರ. ಎಲೆ ಕತ್ತರಿಸುವುದು, ಹೊಗೆಸೊಪ್ಪು ತುಂಬುವುದು, ಸುತ್ತಿ ನೂಲು ಕಟ್ಟುವುದು, ಎಲ್ಲವನ್ನೂ ನೋಡಿ ತಾವೂ ಒಂದು ಕಟ್ಟಲು ಹೋಗಿ ಎಲೆ ಹರಿದರು. ಅಕ್ಕ ನಕ್ಕರು, ಆ ಮುದುಕಿಯೂ ನಕ್ಕರು. ಅಷ್ಟರಲ್ಲಿ ಗೈಡ್ ಬಂದು ಕರೆದ. ಅಷ್ಟು ದೂರದಿಂದ ಬಂದು ಬಸದಿಯನ್ನೇ ನೋಡದೆ ಹೋದರಲ್ಲ ಎಂದು ನಾವು ಹುಡುಗರು ವಾರವಿಡೀ ನಗಾಡಿದೆವು. ಆದರೆ ಬಸದಿ ನೋಡಿ ಹೋದ ಸಾವಿರಾರು ಮಂದಿಯಲ್ಲಿ ಒಬ್ಬರ ಮುಖವೂ ನನಗೆ ನೆನಪಿಲ್ಲ. ಅಕ್ಕ ಇವತ್ತಿಗೂ ಆ ಮುದುಕಿಯ ಸುದ್ದಿ ತೆಗೆಯುತ್ತಾರೆ.

ಅಂದರೆ ಬೇರೆಯವರ ಹಡಗಿಗೆ ದಡವಾಗಿದ್ದು ಗೊತ್ತಿದ್ದವನು ನಾನು. ಆದರೂ ದೊಡ್ಡಪ್ಪನ ಪ್ರಶ್ನೆಗೆ ಉತ್ತರ ಹುಡುಕುವಾಗ ಅದು ನೆನಪಿಗೇ ಬರಲಿಲ್ಲ.

ಆ ದಿನ ಎಲ್ಲವೂ ನನ್ನ ಲೆಕ್ಕದಂತೆಯೇ ನಡೆಯಿತು. ಬಂದರಿನ ಗೇಟಿನ ಹೊರಗೆ ಕಾದು ಇಬ್ಬರನ್ನೂ ಕಾರಿಗೆ ಹತ್ತಿಸಿಕೊಂಡೆ. ಮಹಾಬಲಿಪುರದಲ್ಲಿ ರಥಗಳು, ಕಡಲ ದಡದ ಗುಡಿ, ಅರ್ಜುನನ ತಪಸ್ಸಿನ ಬಂಡೆ ಎಲ್ಲ ತೋರಿಸಿದೆ. ಬಂಡೆಯ ಮೇಲೆ ತಪಸ್ಸಿಗೆ ನಿಂತ ಬೆಕ್ಕನ್ನೂ ಅದನ್ನು ನಂಬಿದ ಇಲಿಗಳನ್ನೂ ನೋಡಿ ದೊಡ್ಡಮ್ಮ ಬಹಳ ಖುಷಿಪಟ್ಟರು. ದೊಡ್ಡಪ್ಪ ಇತಿಹಾಸದ ಮೇಷ್ಟ್ರಾಗಿದ್ದವರು. "ಈ ಊರಿಗೆ ಹೆಸರು ಕೊಟ್ಟ ಮಾಮಲ್ಲ ಯಾರು ಗೊತ್ತುಂಟಾ? ನಮ್ಮ ಪುಲಿಕೇಶಿಯನ್ನು ಸೋಲಿಸಿ ಬಾದಾಮಿ ಸುಟ್ಟವನು" ಎಂದರು. 642ರ ಮಾತು. ಬಾದಾಮಿಯ ಬಂಡೆಯ ಮೇಲೆ ಆ ನರಸಿಂಹವರ್ಮನ ಶಾಸನ ಈಗಲೂ ಇದೆ. "ಆದರೆ ಕೆಲಸ ನೋಡು, ಎಷ್ಟು ಚಂದ" ಎಂದು ಅವರೇ ಮುಂದುವರಿಸಿದರು.

ಮೂರೂಕಾಲಕ್ಕೆ ವಾಪಸು ಬಂದರಿನ ಗೇಟಿಗೆ ಮುಟ್ಟಿದೆವು. ನಾನು ಗೆದ್ದವನ ಹಾಗೆ ಗಡಿಯಾರ ತೋರಿಸಿದೆ. ದೊಡ್ಡಪ್ಪ ಕಾರಿನಿಂದ ಇಳಿದು ಗೇಟಿನ ಕಡೆ ನೋಡಲಿಲ್ಲ. ರಾಜಾಜಿ ಸಾಲೈಯ ಆಚೆ ಬದಿಗೆ, ಹಳೆಯ ಕಟ್ಟಡಗಳ ನಡುವಿನ ಗಲ್ಲಿಗಳ ಕಡೆ ನೋಡುತ್ತ ನಿಂತರು.

"ಜಾರ್ಜ್ ಟೌನ್ ಅಂದರೆ ಇದೆಯಾ?"

"ಹೌದು."

"ನಿನ್ನ ಅಜ್ಜ ಇಲ್ಲಿಯೇ ಎಲ್ಲಿಯೋ ಹೋಟೆಲಿನಲ್ಲಿ ಇದ್ದದ್ದು. ಹನ್ನೆರಡು ವರ್ಷದವರು ಆಗ. ತಟ್ಟೆ ತೊಳೆಯುವ ಕೆಲಸ."

ನನಗೆ ಗೊತ್ತೇ ಇರಲಿಲ್ಲ. ನನ್ನ ಕಣ್ಣಿಗೆ ಅಜ್ಜ ಎಂದರೆ ಮೂಡುಬಿದಿರೆಯ ಜಿನಸು ಅಂಗಡಿಯ ಗಲ್ಲಾದಲ್ಲಿ ಕುಳಿತವರು. ತಟ್ಟೆ ತೊಳೆದ ಸುದ್ದಿಯನ್ನು ಅವರು ಹಿರಿಯ ಮಗನಿಗೆ ಬಿಟ್ಟು ಬೇರೆ ಯಾರಿಗೂ ಹೇಳಿರಲಿಲ್ಲವಂತೆ. "ಮೊದಲೇ ಹೇಳಬಾರದಿತ್ತಾ ದೊಡ್ಡಪ್ಪ?" ಎಂದೆ. ಅವರು ಸಂಕೋಚದಿಂದ ನಕ್ಕರು. "ನೀನು ಅಷ್ಟೆಲ್ಲ ಪ್ಲಾನ್ ಮಾಡಿದ್ದಿ. ಹೇಗೆ ಹೇಳುವುದು?"

ಇನ್ನೂ ಮುಕ್ಕಾಲು ಗಂಟೆ ಇತ್ತು. ಗೇಟಿನ ತಪಾಸಣೆ, ಒಳಗಿನ ಬಸ್ಸು, ಹಡಗಿನ ಸರತಿ ಎಂದು ಲೆಕ್ಕ ಹಾಕಿದರೆ ಏನೂ ಇರಲಿಲ್ಲ. ಅದು ಕಾಯದ ಹಡಗು, ಕಾಯುವ ಬಸ್ಸನ್ನು ಬೇಡವೆಂದವನು ನಾನೇ. ದೊಡ್ಡಮ್ಮನಿಗೆ ಮಂಡಿನೋವು ಬೇರೆ. ಇಬ್ಬರೂ ಒಳಗೆ ಹೋದರು. ಎಂಟು ಗಂಟೆಯಲ್ಲಿ ನೂರಿಪ್ಪತ್ತು ಕಿಲೋಮೀಟರ್ ಸುತ್ತಿಸಿದೆ. ಅವರು ಬರಬೇಕೆಂದುಕೊಂಡಿದ್ದ ಜಾಗ ರಸ್ತೆಯ ಆಚೆ ಬದಿಯಲ್ಲಿತ್ತು.

ಆಮೇಲೆ ಹಲವು ದಿನ ಯೋಚಿಸಿದೆ: ನಾನು ಮಾಡಿದ ತಪ್ಪು ಯಾವುದು? ಮಹಾಬಲಿಪುರ ಕೆಟ್ಟ ಆಯ್ಕೆಯಲ್ಲ. ಅವರು ಬಾಯಿಬಿಟ್ಟು ಹೇಳದ್ದನ್ನು ನಾನು ಊಹಿಸಬೇಕಿತ್ತೇ? ಊಹಿಸುವುದು ಸಾಧ್ಯವಿರಲಿಲ್ಲ, ಕೇಳುವುದು ಸಾಧ್ಯವಿತ್ತು. "ಯಾವುದು ಒಳ್ಳೆಯದು" ಎಂದು ಅವರು ಕೇಳಿದಾಗ, "ನಿಮಗೆ ಮದ್ರಾಸು ಅಂದರೆ ಏನು ನೆನಪಾಗುತ್ತದೆ ದೊಡ್ಡಪ್ಪ?" ಎಂಬ ಒಂದು ಮರುಪ್ರಶ್ನೆ ಸಾಕಿತ್ತು. ನಾನು ಅವರ ಪ್ರಶ್ನೆಯನ್ನು ನನ್ನ ಪರೀಕ್ಷೆ ಎಂದುಕೊಂಡೆ. ನನಗೆ ಈ ನಗರ ಗೊತ್ತು ಎಂದು ತೋರಿಸಿಕೊಳ್ಳುವ ಆಸೆಯಲ್ಲಿ ಅವರ ಎಂಟು ಗಂಟೆಯನ್ನು ಖರ್ಚು ಮಾಡಿದೆ. ಇನ್ನೊಬ್ಬರಿಗಾಗಿ ಆರಿಸುವಾಗ ಒಳ್ಳೆಯ ಉದ್ದೇಶ ಇದ್ದರೆ ಸಾಕು ಎಂದು ನಾವು ತಿಳಿಯುತ್ತೇವೆ. ಆ ಉದ್ದೇಶದೊಳಗೆ ನಮ್ಮ ಹೆಮ್ಮೆ ಎಷ್ಟು ಪಾಲು ಎಂದು ನೋಡಿಕೊಳ್ಳುವುದಿಲ್ಲ.

ಇದಕ್ಕೆ ಒಂದು ಎದುರುಮಾತು ಉಂಟು. ಎಲ್ಲರಿಗೂ ಎಲ್ಲ ಬಂದರಿನಲ್ಲಿ ಅಜ್ಜ ಇರುವುದಿಲ್ಲವಲ್ಲ? ನಂಟೇ ಇಲ್ಲದ ಊರಿನಲ್ಲಿ ಇಳಿದವನು ಪಟ್ಟಿಯಲ್ಲಿರುವ ಪ್ರಸಿದ್ಧ ಜಾಗ ನೋಡದೆ ಇನ್ನೇನು ಮಾಡಬೇಕು? ನ್ಯಾಯವಾದ ಪ್ರಶ್ನೆ. ಪ್ರಸಿದ್ಧ ಜಾಗಗಳು ಸುಮ್ಮನೆ ಪ್ರಸಿದ್ಧವಾಗಿಲ್ಲ. ಆ ಬೆಕ್ಕನ್ನು ನೋಡಿದ ದೊಡ್ಡಮ್ಮನ ಸಂತೋಷ ಸುಳ್ಳಲ್ಲ. "ಕಡಿಮೆ ಹೊತ್ತು ಇದ್ದವನಿಗೆ ಊರು ಗೊತ್ತಾಗುವುದಿಲ್ಲ" ಎಂದು ಹಡಗಿನವರನ್ನು ಹೀಯಾಳಿಸುವ ಹಕ್ಕೂ ನನಗಿಲ್ಲ. ಹನ್ನೊಂದು ವರ್ಷ ಇದ್ದವನಿಗೆ ಏನು ಗೊತ್ತಿತ್ತು? ಓಎಂಆರ್‌ನ ಆಫೀಸು, ಬಾಡಿಗೆ ಮನೆ, ರಜೆಯಲ್ಲಿ ಊರಿಗೆ ರೈಲು. ನನ್ನ ತಮಿಳು ಆಟೋದವರ ಹತ್ತಿರ ಮಾತಾಡುವಷ್ಟೇ. ನಾನೂ ಒಂದು ಹಡಗಿನಲ್ಲೇ ಇದ್ದೆ, ಅದು ಸ್ವಲ್ಪ ಹೆಚ್ಚು ದಿನ ನಿಂತಿತ್ತು ಅಷ್ಟೆ. ಬೆಂಗಳೂರು, ಪುಣೆ, ಹೈದರಾಬಾದಿನಲ್ಲಿ ಕುಳಿತು ಇದನ್ನು ಓದುತ್ತಿರುವ ನಿಮ್ಮಲ್ಲಿ ಕೆಲವರಿಗಾದರೂ ಇದು ಪರಿಚಿತ ಎಂದುಕೊಂಡಿದ್ದೇನೆ.

ಹಾಗಾದರೆ ಅಳತೆ ಸಮಯದ್ದಲ್ಲ. ಆ ಮುದುಕಿ ನಮ್ಮೂರಿನಲ್ಲಿ ಇದ್ದದ್ದು ಅರ್ಧ ಗಂಟೆ. ಅವರಿಗೂ ಅಲ್ಲಿ ಅಜ್ಜ ಇರಲಿಲ್ಲ. ಅವರು ತಮಗೆ ಬಾರದ ಒಂದು ಕೆಲಸದ ಎದುರು ಕುಳಿತು ಸೋತು ತೋರಿಸಿದರು. ನೋಡಲು ಬಂದವರು ನೋಡಿಸಿಕೊಳ್ಳಲೂ ಒಪ್ಪಿದರು. ಅದಕ್ಕೆ ನಂಟು ಬೇಕಾಗಲಿಲ್ಲ, ಅದೇ ನಂಟಾಯಿತು.

ಪಟ್ಟಿಯಲ್ಲಿ ನಾನು ಬಿಟ್ಟ ಕಾಂಚೀಪುರದಲ್ಲೂ ಇಂಥದೇ ಒಂದು ಕಥೆಯಿದೆ. ಮಾಮಲ್ಲ ಬಾದಾಮಿ ಸುಟ್ಟ ಸುಮಾರು ನೂರು ವರ್ಷದ ಮೇಲೆ ಚಾಲುಕ್ಯರ ಇಮ್ಮಡಿ ವಿಕ್ರಮಾದಿತ್ಯ ಕಂಚಿಯನ್ನು ಗೆದ್ದ. ಸೇಡಿಗೆ ಸುಡಬಹುದಿತ್ತು. ಅವನು ಊರನ್ನು ಹಾಳುಮಾಡಲಿಲ್ಲ. ರಾಜಸಿಂಹೇಶ್ವರ ಗುಡಿಯ, ಅಂದರೆ ಇಂದಿನ ಕೈಲಾಸನಾಥ ದೇವಾಲಯದ ಸಂಪತ್ತನ್ನು ನೋಡಿ, ಅದನ್ನು ದೇವರಿಗೇ ಬಿಟ್ಟುಕೊಟ್ಟ. ಆ ಮಾತನ್ನು ಅಲ್ಲಿಯ ಕಂಬದ ಮೇಲೆ ಕನ್ನಡದಲ್ಲಿ ಬರೆಸಿದ್ದಾನೆ. ಅವನ ರಾಣಿ ಲೋಕಮಹಾದೇವಿ ಈ ಗೆಲುವಿನ ನೆನಪಿಗೆ ಪಟ್ಟದಕಲ್ಲಿನಲ್ಲಿ ಕಟ್ಟಿಸಿದ ವಿರೂಪಾಕ್ಷ ದೇವಾಲಯದಲ್ಲಿ ಕಂಚಿಯ ಗುಡಿಯ ಛಾಯೆ ಇದೆ. ಅವನು ಬಂದದ್ದು ದಾಳಿಗೆ, ಅದನ್ನು ಮರೆಯಬಾರದು. ಆದರೂ ಸ್ವಲ್ಪ ದಿನಕ್ಕೆ ಪರ ಊರಿಗೆ ಬಂದವನು ಅಲ್ಲಿಂದ ಏನನ್ನು ಒಯ್ಯಬಾರದು, ಏನನ್ನು ಕಲಿತು ಒಯ್ಯಬಹುದು ಎಂಬುದು ಆ ಎರಡು ಗುಡಿಗಳ ನಡುವೆ ಇದೆ ಅನಿಸುತ್ತದೆ.

ಮುಂದಿನ ಭಾನುವಾರ ಒಬ್ಬನೇ ಜಾರ್ಜ್ ಟೌನಿಗೆ ಹೋದೆ. ಅಜ್ಜ ಬಂದದ್ದು ಮೂವತ್ತರ ದಶಕದಲ್ಲಿ, ಮಂಗಳೂರಿನಿಂದ ರೈಲು ಹತ್ತಿ. 1956ರವರೆಗೆ ದಕ್ಷಿಣ ಕನ್ನಡ ಮದ್ರಾಸಿಗೇ ಸೇರಿತ್ತು. ಅವರ ಪಾಲಿಗೆ ಇದು ಪರರಾಜ್ಯವಲ್ಲ, ತಮ್ಮದೇ ಪ್ರಾಂತ್ಯದ ರಾಜಧಾನಿ. ನಮ್ಮ ಕಡೆಯ ಕಡಂದಲೆಯಿಂದ ಬಂದ ಕೆ. ಕೃಷ್ಣರಾಯರು ಅಡುಗೆಮನೆಯ ಚಾಕರಿಯಿಂದ ಶುರುಮಾಡಿ, ಈ ಗಲ್ಲಿಗಳಲ್ಲೇ ಹೋಟೆಲು ನಡೆಸಿ, ಮುಂದೆ ವುಡ್‌ಲ್ಯಾಂಡ್ಸ್ ಕಟ್ಟಿದರು. ಅವರ ಹೆಸರು ಉಳಿಯಿತು. ತಟ್ಟೆ ತೊಳೆದು ಊರಿಗೆ ಮರಳಿದ ಹುಡುಗರು ಎಷ್ಟು ಮಂದಿಯೋ. ವುಡ್‌ಲ್ಯಾಂಡ್ಸಿನ ಡ್ರೈವ್‌ಇನ್ ಕೂಡ 2008ರಲ್ಲಿ ಮುಚ್ಚಿತು, ಆ ಜಾಗ ಈಗ ಸೆಮ್ಮೊಳಿ ಪೂಂಗಾ ಎಂಬ ಉದ್ಯಾನ.

ಅಂಗಡಿಗಳ ಶಟರು ಎಳೆದಿತ್ತು. ತೆರೆದಿದ್ದ ಒಂದು ಸಣ್ಣ ಹೋಟೆಲಿನಲ್ಲಿ ಕಾಫಿ ಹೇಳಿ, ದೊಡ್ಡಪ್ಪನಿಗೆ ವಿಡಿಯೋ ಕಾಲ್ ಮಾಡಿದೆ. ಹೋಟೆಲಿನ ಹೆಸರು ಅವರಿಗೆ ಗೊತ್ತಿಲ್ಲ. ಹಡಗಿನ ಸೀಟಿ ಮಲಗುವ ಜಾಗಕ್ಕೆ ಕೇಳುತ್ತಿತ್ತು ಎಂದು ಅಜ್ಜ ಹೇಳಿದ್ದು ಮಾತ್ರ ನೆನಪು. ಗಲ್ಲಿಗಳ ಹೆಸರು ಒಂದೊಂದಾಗಿ ಓದಿ ಹೇಳಿದೆ. ತಂಬು ಚೆಟ್ಟಿ ಬೀದಿ, ಲಿಂಗಿ ಚೆಟ್ಟಿ ಬೀದಿ, ಅಂಗಪ್ಪ ನಾಯಕನ್ ಬೀದಿ. ಯಾವುದಕ್ಕೂ ಅವರು ಹೌದು ಎನ್ನಲಿಲ್ಲ.

ಹೋಟೆಲಿನ ಹಿಂಬದಿಯಲ್ಲಿ ಹದಿನೆಂಟರ ಒಬ್ಬ ಹುಡುಗ ಲೋಟ ತೊಳೆಯುತ್ತಿದ್ದ. ಬಿಹಾರದವನಂತೆ, ಬಂದು ನಾಲ್ಕು ತಿಂಗಳಾಯಿತಂತೆ. ನನ್ನ ಹಿಂದಿ, ಅವನ ತಮಿಳು ಎರಡೂ ಅಷ್ಟಕ್ಕಷ್ಟೆ. ಫೋನಿನಲ್ಲಿ ಯಾರು ಎಂದು ಕೇಳಿದ. ಹೇಳಿದೆ. ಅವನು ಒದ್ದೆ ಕೈ ಒರೆಸಿಕೊಂಡು ಪರದೆಯ ಎದುರು ಬಗ್ಗಿ ದೊಡ್ಡಪ್ಪನಿಗೆ ನಮಸ್ಕಾರ ಮಾಡಿದ. ಆಚೆಯಿಂದ ಸ್ವಲ್ಪ ಹೊತ್ತು ಮಾತಿಲ್ಲ.

"ಊಟ ಆಯಿತಾ ಅಂತ ಕೇಳು ಅವನ ಹತ್ತಿರ" ಎಂದರು ದೊಡ್ಡಪ್ಪ.

ಕೇಳಿದೆ.